ಮುಂಗಡ ತಗೊಂಡ ಮೆಣಸಿನಕಾಯಿ ಬೇರೆಯವರಿಗೆ ಮಾರಬಹುದಾ?

ಪ್ರಶ್ನೆ (ಬ್ಯಾಡಗಿ ತಾಲ್ಲೂಕಿನ ರೈತ):
ವಕೀಲ ಸಾಹೇಬರಿಗೆ ನಮಸ್ಕಾರ ರೀ. ಗೊಬ್ಬರ, ಕೂಲಿಗೆ ದುಡ್ಡು ಬೇಕಾಗಿತ್ತು ಅಂತ ಪರಿಚಯದ ವ್ಯಾಪಾರಿಯಿಂದ 50 ಸಾವಿರ ಮುಂಗಡ ತಗೊಂಡೆ. ಮುಂದಿನ ತಿಂಗಳು 10 ಕ್ವಿಂಟಲ್ ಮೆಣಸಿನಕಾಯಿ ಕೊಡಬೇಕು, ಕ್ವಿಂಟಲಿಗೆ 25 ಸಾವಿರ. ಚೀಟಿ ಬರೆದು ಸಹಿ ಮಾಡಿದ್ದೇವೆ. ಸಹಿ ಹಾಕಿದ ಖಾಲಿ ಚೆಕ್ ಕೂಡ ಅವರ ಹತ್ತಿರ ಇದೆ. ಈಗ ಅದೇ ಮಾಲಿಗೆ 32 ಸಾವಿರ ಸಿಗುತ್ತಿದೆ. ಮುಂಗಡ ಬಡ್ಡಿ ಸಮೇತ ವಾಪಸ್ ಕೊಟ್ಟು ಬೇರೆಯವರಿಗೆ ಮಾರಿದರೆ ಆಗುತ್ತದಾ? ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ ಅಂತಾರೆ.

ಉತ್ತರ (ವಕೀಲರು, ಹಾವೇರಿ):
ಮೊದಲು ಪೊಲೀಸ್ ವಿಷಯ ಮುಗಿಸೋಣ. ಒಪ್ಪಂದ ಮುರಿಯುವುದು ಸಿವಿಲ್ ವ್ಯವಹಾರ. ದುಡ್ಡು ತಗೊಳ್ಳುವಾಗಲೇ ಮೋಸ ಮಾಡುವ ಉದ್ದೇಶ ಇದ್ದರೆ ಮಾತ್ರ ವಂಚನೆ ಕೇಸ್. ನಿಮ್ಮದು ಹಾಗಲ್ಲ.

ಆದರೆ ಬಡ್ಡಿ ಸಮೇತ ವಾಪಸ್ ಕೊಟ್ಟರೆ ಮುಗಿಯಿತು ಅನ್ನೋದು ತಪ್ಪು ಲೆಕ್ಕ. 1872ರ ಕರಾರು ಕಾಯ್ದೆಯ 73ನೇ ಕಲಂ ಪ್ರಕಾರ ಮುರಿದವರು ಎದುರಿನವರ ನಷ್ಟ ತುಂಬಿಕೊಡಬೇಕು. ಮಾರುಕಟ್ಟೆಯಲ್ಲಿ ಸಿಗುವ ಮಾಲಾದರೆ ನಷ್ಟ ಅಂದರೆ ಒಪ್ಪಿದ ದರಕ್ಕೂ, ಮಾಲು ಕೊಡಬೇಕಾದ ದಿನದ ದರಕ್ಕೂ ಇರುವ ವ್ಯತ್ಯಾಸ. ಆ ದಿನವೂ 32 ಸಾವಿರವೇ ಇದ್ದರೆ ಕ್ವಿಂಟಲಿಗೆ 7 ಸಾವಿರ, ಒಟ್ಟು 70 ಸಾವಿರ. ನೀವು ಜಾಸ್ತಿ ಗಳಿಸುವುದೂ ಅಷ್ಟೇ ಅಲ್ವಾ? ಕೋರ್ಟಿಗೆ ಅಲೆದದ್ದು, ವಕೀಲರ ಫೀಸು ಕೈಯಿಂದ ಹೋಗುತ್ತದೆ. ದಾವೆ ಹಾಕಲು ಅವರಿಗೆ 3 ವರ್ಷ ಟೈಮ್ ಇದೆ. ದರ ಏರಿತು ಅನ್ನೋದು ಒಪ್ಪಂದದಿಂದ ಬಿಡುಗಡೆಗೆ ಕಾರಣವಾಗೋದಿಲ್ಲ.

ನನಗೆ ಜಾಸ್ತಿ ಚಿಂತೆ ಆ ಚೆಕ್‌ದು. ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕನ್ನು ಬೇರೆಯವರು ತುಂಬಿದರೂ ಅದು ಬಾಕಿಗಾಗಿಯೇ ಕೊಟ್ಟದ್ದು ಎಂದು ಕೋರ್ಟ್ ಮೊದಲಿಗೆ ಭಾವಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಅಲ್ಲ ಅಂತ ತೋರಿಸುವ ಭಾರ ನಿಮ್ಮ ಮೇಲೆ. ಚೆಕ್ ಬೌನ್ಸ್ ಆಗಿ, ನೋಟಿಸ್ ತಲುಪಿದ 15 ದಿನದಲ್ಲಿ ಹಣ ಕೊಡದಿದ್ದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ (ಚೆಕ್ ಇತ್ಯಾದಿಗಳ ಕಾಯ್ದೆ) 138ನೇ ಕಲಂ ಕೇಸ್. ಅದು ಕ್ರಿಮಿನಲ್ ಕೇಸ್.

ರಾಣೇಬೆನ್ನೂರಿನ ಸದಸ್ಯ:
ಸರ್, ದರ ಬಿದ್ದಿದ್ದರೆ ಆ ವ್ಯಾಪಾರಿ 25 ಸಾವಿರ ಕೊಡ್ತಿದ್ದರಾ? ತೇವ ಜಾಸ್ತಿ, ಬಣ್ಣ ಕಡಿಮೆ ಅಂತ ಕಡಿತ ಮಾಡ್ತಿದ್ದರು. ರೈತ ಮಾತ್ರ ಹರಿಶ್ಚಂದ್ರ ಆಗಬೇಕಾ?

ವಕೀಲರು:
ಕೇಳಬೇಕಾದ ಪ್ರಶ್ನೆಯೇ. ಹಿಂದೆ ಅವರು ಸುಮ್ನೆ ನೆಪ ಹೇಳಿ ದರ ಇಳಿಸಿದ್ದರೆ ನನ್ನ ಸಹಾನುಭೂತಿ ರೈತರ ಕಡೆಗೇ. ಆದರೆ ಪ್ರಶ್ನೆ ಕೇಳಿದವರು ಹಾಗೆ ಬರೆದಿಲ್ಲ. ಮಾಡದ ಮೋಸಕ್ಕೆ ಮುಂಚೆಯೇ ಶಿಕ್ಷೆ ಕೊಡೋದು ಸರಿಯಲ್ಲ.

1897ರಲ್ಲಿ ಅಮೆರಿಕದ ನ್ಯಾಯಾಧೀಶ ಹೋಮ್ಸ್ ಒಂದು ವಾದ ಮಾಡಿದ್ದರು. ಕಾನೂನಿನ ಕಣ್ಣಲ್ಲಿ ಒಪ್ಪಂದ ಅಂದರೆ ಹೇಳಿದಂತೆ ಮಾಡು, ಇಲ್ಲದಿದ್ದರೆ ನಷ್ಟ ಕಟ್ಟು, ಅಷ್ಟೇ. ನಷ್ಟ ಪೂರ್ತಿ ಕಟ್ಟುವವನು ಪಾಪಿ ಅಲ್ಲ ಅನ್ನೋದು ನನಗೂ ಒಪ್ಪಿಗೆ. ಆದರೆ ಇಲ್ಲಿ ಕೇಳುತ್ತಿರುವುದು ನಷ್ಟ ಕಟ್ಟದೆ ಬಿಟ್ಟುಬಿಡಬಹುದಾ ಅಂತ. ಗೊಬ್ಬರದ ಹೊತ್ತಿಗೆ ಆ 50 ಸಾವಿರ ಸಿಕ್ಕಿದ್ದು ದರದ ಅಪಾಯವನ್ನು ವ್ಯಾಪಾರಿ ಮೈಮೇಲೆ ತಗೊಂಡಿದ್ದಕ್ಕೆ. ದರ 18 ಸಾವಿರಕ್ಕೆ ಇಳಿದಿದ್ದರೆ ಚೀಟಿ ತೋರಿಸಿ 25 ಕೇಳುತ್ತಿದ್ದಿರಾ? ಹೌದಾದರೆ ಈಗಿನ ಏರಿಕೆ ಅವರದು.

ಇನ್ನೊಬ್ಬ ಸದಸ್ಯ (ಬೀಜೋತ್ಪಾದನೆ ಮಾಡುವವರು):
ನಮ್ಮ ಕಂಪನಿ ಬಾಂಡ್‌ನಲ್ಲಿ ನಡುವೆ ಬಿಟ್ಟರೆ 5 ಲಕ್ಷ ದಂಡ ಅಂತ ಇದೆ. ಪೂರ್ತಿ ಕಟ್ಟಬೇಕಾ?

ವಕೀಲರು:
ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಬರೆದ ಮೊತ್ತ ಮಿತಿ ಮಾತ್ರ. ಅದರೊಳಗೆ ಸಮಂಜಸ ಅನ್ನಿಸಿದಷ್ಟನ್ನು ಕೋರ್ಟ್ ಕೊಡಿಸುತ್ತದೆ. ಕಂಪನಿಯವರು ಕೊಟ್ಟ ಗಂಡು, ಹೆಣ್ಣು ತಳಿಯ ಬೀಜದಿಂದ ಬೆಳೆದದ್ದನ್ನು ಹೊರಗೆ ಮಾರಬೇಡಿ, ಅದು ಬೇರೆಯದೇ ತಲೆನೋವು. ಬಾಂಡ್ ತಗೊಂಡು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ತೋರಿಸಿ.

ಪ್ರಶ್ನೆ ಕೇಳಿದ ರೈತ:
ಹಾಗಾದರೆ ನನಗೆ ದಾರಿ ಏನು ಸರ್?

ವಕೀಲರು:
ಮಾಲು ಬೇರೆಯವರಿಗೆ ತೂಗುವ ಮೊದಲೇ ಆ ವ್ಯಾಪಾರಿ ಹತ್ತಿರ ಹೋಗಿ ಕುಳಿತು ಮಾತಾಡಿ. ಇಬ್ಬರೂ ಒಪ್ಪಿದರೆ ಕರಾರು ಕಾಯ್ದೆಯ 62ನೇ ಕಲಂ ಪ್ರಕಾರ ಹಳೆಯ ಒಪ್ಪಂದ ಬದಲಿಸಬಹುದು. 5 ಕ್ವಿಂಟಲ್ ಹಳೆಯ ದರಕ್ಕೆ, ಉಳಿದದ್ದು ಅವತ್ತಿನ ಮಾರ್ಕೆಟ್ ದರಕ್ಕೆ ಅಂತ ಕೇಳಿ ನೋಡಿ. ಮುಂದಿನ ವರ್ಷವೂ ನಿಮ್ಮ ಮಾಲು ಬೇಕಾದವರು ಹಟ ಹಿಡಿಯೋದು ಕಡಿಮೆ. ಒಪ್ಪಲಿಲ್ಲ ಅಂದರೆ 10 ಕ್ವಿಂಟಲ್ ಕೊಟ್ಟುಬಿಡಿ, ಅದಕ್ಕಿಂತ ಜಾಸ್ತಿ ಬೆಳೆದಿದ್ದರೆ ಅದು ನಿಮ್ಮಿಷ್ಟ.

ಏನೇ ಆದರೂ ಕೊನೆಯ ಲೆಕ್ಕದ ದಿನ ಚೆಕ್ ವಾಪಸ್ ಇಸ್ಕೊಳ್ಳಿ. ಸಿಗೋದಿಲ್ಲ ಅಂದರೆ ಚೆಕ್ ನಂಬರ್ ಹಾಕಿ, ಬಾಕಿ ಏನೂ ಇಲ್ಲ ಅಂತ ಬರೆಸಿ ಸಹಿ ತಗೊಳ್ಳಿ.