ಸ್ವಯಂಸೇವಕನಾಗಿದ್ದವನು ಅದೇ ಸಂಸ್ಥೆಯ ಸಂಬಳದ ಮುಖ್ಯಸ್ಥನಾಗಬಹುದೇ?

ಬೆಟಗೇರಿಯ ಸಂಜೆಶಾಲೆಯವನು:
ಹಗಲು ಖಾಸಗಿ ಕಚೇರಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ, ಸಂಜೆ ಬೆಟಗೇರಿಯ ನೇಕಾರರ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಏಳೆಂಟು ಗೆಳೆಯರು ಸೇರಿ ಆರಂಭಿಸಿದ ಈ ಕೆಲಸ ಈಗ ನೋಂದಾಯಿತ ಸಂಘವಾಗಿದೆ, ಅದರ ಕಾರ್ಯದರ್ಶಿಯೂ ನಾನೇ. ಕಂಪನಿಯೊಂದು ಸಿಎಸ್‌ಆರ್ ಹಣ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆಂದು ತೆಗೆದಿಡುವ ಹಣ, ಕೊಡಲು ಮುಂದೆ ಬಂದಿದೆ. ಪೂರ್ಣಾವಧಿಯ ಮುಖ್ಯಸ್ಥರಿರಬೇಕು ಎಂಬುದು ಅವರ ಷರತ್ತು. ಅಧ್ಯಕ್ಷರು ನಿವೃತ್ತ ಮುಖ್ಯಾಧ್ಯಾಪಕರು. ‘ನೀನೇ ಆಗಪ್ಪ’ ಎನ್ನುತ್ತಿದ್ದಾರೆ. ಸಂಬಳ ಈಗಿನದಕ್ಕಿಂತ ಕಡಿಮೆ, ಅದಕ್ಕೆ ತಯಾರಿದ್ದೇನೆ. ಆದರೆ ವಿಷಯ ಹೊರಬಿದ್ದ ಮೇಲೆ ಗೆಳೆಯರು ‘ಸಾಹೇಬರೇ’ ಎಂದು ಕರೆಯತೊಡಗಿದ್ದಾರೆ. ಮನೆಯಲ್ಲಿ ಅವ್ವ, ‘ಸೇವೆಗೂ ಪಗಾರವೇ?’ ಎಂದು ಕೇಳಿದಳು. ಈ ದಾರಿಯಲ್ಲಿ ಬದುಕು ಕಟ್ಟಿಕೊಂಡವರು ಇಲ್ಲಿದ್ದರೆ ದಯವಿಟ್ಟು ಹೇಳಿ.

ಧಾರವಾಡದ ನಿವೃತ್ತ ನಿರ್ದೇಶಕಿ:
ತಮ್ಮ, ಆ ಪಗಾರದ ಪ್ರಶ್ನೆಯನ್ನು ನಾನೂ ಸಾಕಷ್ಟು ಕೇಳಿಸಿಕೊಂಡಿದ್ದೇನೆ. ಕೇಳಿದವರಲ್ಲಿ ಹೆಚ್ಚಿನವರು ತಿಂಗಳ ಒಂದನೇ ತಾರೀಖಿಗೆ ತಪ್ಪದೆ ಪಗಾರ ಎಣಿಸಿಕೊಳ್ಳುತ್ತಿದ್ದ ನೌಕರರು. ನಿಮ್ಮ ಅವ್ವನವರನ್ನು ಅವರ ಸಾಲಿಗೆ ಸೇರಿಸುತ್ತಿಲ್ಲ.

ಕಲಘಟಗಿ ತಾಲ್ಲೂಕಿನಲ್ಲಿ ಮಹಿಳಾ ಸಂಘಗಳ ಲೆಕ್ಕ ಬರೆದುಕೊಡುವ ಹುಡುಗಿಯಾಗಿ ಸೇರಿ, ಅದೇ ಸಂಸ್ಥೆಯ ನಿರ್ದೇಶಕಿಯಾಗಿ ನಿವೃತ್ತಳಾದವಳು ನಾನು. ಒಬ್ಬರಿಗೆ ಸಂಬಳ ಬಂತೆಂದು ಸ್ವಯಂಸೇವಕರು ದೂರ ಸರಿಯುವುದಿಲ್ಲ. ತಮ್ಮ ಕೈಯಲ್ಲಿದ್ದ ಕೆಲಸವನ್ನು ಸಂಬಳದವರು ಕಿತ್ತುಕೊಂಡಾಗ ಸರಿಯುತ್ತಾರೆ. ನಮ್ಮ ಸಂಘವೊಂದರಲ್ಲಿ ಅಕ್ಷರ ಬಾರದ ಹೆಂಗಸೊಬ್ಬಳು ಮನೆಮನೆಗೆ ಹೋಗಿ ಉಳಿತಾಯದ ಹಣ ಕೂಡಿಸುತ್ತಿದ್ದಳು. ಒಬ್ಬೊಬ್ಬರ ಹಣವನ್ನು ಒಂದೊಂದು ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿ ತರುತ್ತಿದ್ದಳು. ಕೆಂಪಂಚಿನ ಚೂರು ಯಾರದು, ಹೂವಿನ ಚಿತ್ತಾರದ್ದು ಯಾರದು ಎಂದು ನೋಡಿದ ಕೂಡಲೇ ಹೇಳುವಳು. ಒಂದು ರೂಪಾಯಿಯೂ ತಪ್ಪುತ್ತಿರಲಿಲ್ಲ. ಹೊಸದಾಗಿ ಬಂದ ಸಂಯೋಜಕ ರಸೀದಿ ಪುಸ್ತಕ ಹಿಡಿದು ತಾನೇ ಓಣಿ ಸುತ್ತತೊಡಗಿದ. ಆಕೆ ಜಗಳವಾಡಲಿಲ್ಲ, ಸಭೆಗೆ ಬರುವುದನ್ನು ಬಿಟ್ಟಳು. ಅವಳ ಹಿಂದೆಯೇ ಇಡೀ ಓಣಿ ಬಿಟ್ಟಿತು. ಹಣ ಕೂಡಿಸುವವಳು ಆಕೆಯೇ, ಸಂಯೋಜಕ ರಸೀದಿ ಬರೆದುಕೊಟ್ಟರೆ ಸಾಕು ಎಂದು ಸಭೆಯಲ್ಲಿ ಠರಾವು ಆದ ಮೇಲೆಯೇ ಸಂಘ ಮತ್ತೆ ಕೂಡಿದ್ದು.

ಹಾಗಾಗಿ ಯಾರ ತರಗತಿಗೂ ಕೈ ಹಾಕಬೇಡಿ. ನಿಮ್ಮ ಗಣಿತದ ತರಗತಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡಿ. ನಿಮ್ಮ ಸಂಜೆಗಳು ಇನ್ನು ದಾನಿಗಳ ವರದಿ, ಕೋಣೆಯ ಬಾಡಿಗೆ, ಇವತ್ತು ಯಾರು ಬರುವುದಿಲ್ಲ ಎಂಬ ಫೋನ್ ಕರೆಗಳಲ್ಲಿ ಕಳೆಯುತ್ತವೆ. ಹುದ್ದೆ ಎಂದರೆ ಅದೇ. ಪಾಠ ಹೇಳುವ ಆಸೆಯಿಂದ ಒಪ್ಪುವುದಾದರೆ ಬೇಡವೇ ಬೇಡ.

ನನಗೆ ಭಯವಿರುವುದು ಇನ್ನೊಂದರದು. ನಿಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಸಹಕಾರ ಸಂಘ ಕಟ್ಟಿದರು. ಸಹಕಾರ ಸಂಘವೆಂದರೆ ಸದಸ್ಯರದೇ ಹಣ; ಲೆಕ್ಕ ಕೇಳುವ ಬಾಯಿಯೂ ಅವರದೇ. ಕಂಪನಿಯ ಹಣ ಬಂದಾಗ ಊರಿನವರು ಕೇಳುವುದನ್ನು ನಿಲ್ಲಿಸಿಬಿಡುತ್ತಾರೆ. ಪಾಲಕರಿಂದ ತಿಂಗಳಿಗೆ ಹತ್ತು ರೂಪಾಯಿಯನ್ನಾದರೂ ಪಡೆಯಿರಿ, ಜಮಾ-ಖರ್ಚನ್ನು ಶಾಲೆಯ ಗೋಡೆಗೆ ಹಚ್ಚಿ.

ಹಾವೇರಿಯ ಲೆಕ್ಕಪರಿಶೋಧಕ:
ಅಕ್ಕನವರ ಮಾತಿಗೆ ಕಾಗದದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಕಾರ್ಯದರ್ಶಿ ಸ್ಥಾನದಲ್ಲಿದ್ದುಕೊಂಡೇ ಸಂಬಳ ಪಡೆಯಬೇಡಿ. ಮೊದಲು ಸಂಘದ ಬೈಲಾ (ನಿಯಮಾವಳಿ) ನೋಡಿ. ಆಡಳಿತ ಮಂಡಳಿಗೆ ರಾಜೀನಾಮೆ ಕೊಟ್ಟು, ಆಮೇಲೆ ನೇಮಕಾತಿ ಪತ್ರ ಪಡೆಯಿರಿ. ಸಂಬಳ ನಿಗದಿಪಡಿಸುವ ಸಭೆಯಲ್ಲಿ ನೀವು ಕೂರಬಾರದು. ಚೆಕ್ಕಿಗೆ ಎರಡು ಸಹಿ ಇರಲಿ, ಎರಡೂ ಮಂಡಳಿಯವರದೇ ಆದರೆ ನಿಮಗೇ ಕ್ಷೇಮ.

ಸಿಎಸ್‌ಆರ್ ಹಣ ಪಡೆಯುವ ಸಂಘಕ್ಕೆ 12ಎ, 80ಜಿ ಎಂದು ಕರೆಯುವ ಆದಾಯ ತೆರಿಗೆ ನೋಂದಣಿ ಬೇಕು, ಇಂಥದೇ ಕೆಲಸದಲ್ಲಿ ಕನಿಷ್ಠ 3 ವರ್ಷದ ಅನುಭವ ಬೇಕು. 2021ರ ಏಪ್ರಿಲ್ 1ರಿಂದ ಕೇಂದ್ರ ಸರ್ಕಾರದ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಣಿಯೂ ಕಡ್ಡಾಯ. ‘ಆಡಳಿತ ವೆಚ್ಚಕ್ಕೆ ಶೇ 5 ಮಾತ್ರ, ನಿಮ್ಮ ಸಂಬಳ ಅದರಲ್ಲೇ ಮುಗಿಯಬೇಕು’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆ ಮಿತಿ ಕಂಪನಿಯು ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ. ಯೋಜನೆಯನ್ನು ನೇರವಾಗಿ ನಡೆಸುವವರ ಸಂಬಳ ಯೋಜನೆಯ ಖರ್ಚಿನಲ್ಲೇ ಬರುತ್ತದೆ. ಹಾಗೆಯೇ, ಕಂಪನಿಗೆ ಮನಸ್ಸಿದ್ದರೆ ಆರಂಭದ ಆರ್ಥಿಕ ವರ್ಷ ಬಿಟ್ಟು ಮತ್ತೆ 3 ವರ್ಷದವರೆಗೆ ಒಂದೇ ಯೋಜನೆಯನ್ನು ಮುಂದುವರಿಸಲು ನಿಯಮದಲ್ಲಿ ಅವಕಾಶವಿದೆ. ಬಾಯಿಮಾತಿನ ಭರವಸೆ ನಂಬಿ ಇರುವ ನೌಕರಿ ಬಿಡಬೇಡಿ.

ಹುಬ್ಬಳ್ಳಿಯ ಭಾನುವಾರದ ಮೇಷ್ಟ್ರು:
ನಾನು ಮುಖ್ಯಸ್ಥನಲ್ಲ, ಬರಿಯ ಸ್ವಯಂಸೇವಕ. ಒಂದೇ ವಿನಂತಿ: ಫೋಟೊ. ನಾನು ಮೊದಲು ಹೋಗುತ್ತಿದ್ದ ಸಂಸ್ಥೆಯಲ್ಲಿ ದಾನಿಗಳು ಬಂದ ಮೇಲೆ ಪಾಠಕ್ಕಿಂತ ಫೋಟೊ ದೊಡ್ಡದಾಯಿತು. ಫಲಕ ಕಾಣಬೇಕು, ಮಕ್ಕಳು ನಗಬೇಕು, ರಾತ್ರಿಯೊಳಗೆ ವಾಟ್ಸ್‌ಆ್ಯಪ್ ಗುಂಪಿಗೆ ಬರಬೇಕು. ಭಾಗಾಕಾರದ ನಡುವೆ ಮಕ್ಕಳನ್ನು ಎಬ್ಬಿಸಿ ಸಾಲಾಗಿ ನಿಲ್ಲಿಸುವುದು ನನ್ನಿಂದಾಗಲಿಲ್ಲ, ಬಿಟ್ಟೆ. ನೀವು ಹುದ್ದೆಗೆ ಬಂದರೆ ಆ ಕೆಲಸಕ್ಕೆ ತಿಂಗಳಿಗೊಂದು ದಿನ ಇಟ್ಟುಕೊಂಡು ಉಳಿದ ದಿನ ಮೇಷ್ಟ್ರುಗಳನ್ನು ಅವರ ಪಾಡಿಗೆ ಬಿಡಿ.

ಬೆಟಗೇರಿಯ ಸಂಜೆಶಾಲೆಯವನು:
ಎಲ್ಲರಿಗೂ ಧನ್ಯವಾದ. ಬೈಲಾ ತೆಗೆದು ನೋಡಿದೆ. ಪದಾಧಿಕಾರಿಗಳು ಸಂಬಳ ಪಡೆಯುವಂತಿಲ್ಲ ಎಂದು ಸ್ಪಷ್ಟವಾಗಿಯೇ ಬರೆದಿದೆ. ರಾಜೀನಾಮೆ ಬರೆದಿಟ್ಟಿದ್ದೇನೆ. ಕನ್ನಡ ಪಾಠ ಮಾಡುವ ಅಕ್ಕ ಕಾರ್ಯದರ್ಶಿಯಾಗಲು ಒಪ್ಪಿದ್ದಾರೆ, ಚೆಕ್ಕಿಗೆ ಅವರದೂ ಅಧ್ಯಕ್ಷರದೂ ಸಹಿ. ಹತ್ತು ರೂಪಾಯಿಯ ಮಾತಿಗೆ ಅಧ್ಯಕ್ಷರು ಇನ್ನೂ ಒಪ್ಪಿಲ್ಲ, ಬಡವರಿಂದ ಏಕೆ ಎನ್ನುತ್ತಾರೆ. ಪಾಲಕರನ್ನೇ ಕೇಳೋಣ ಎಂದಿದ್ದೇನೆ. ಕಂಪನಿಯ ಕರಡು ಒಪ್ಪಂದದಲ್ಲಿ ಒಂದೇ ವರ್ಷ ಎಂದಿದೆ. 3 ವರ್ಷಕ್ಕೆ ಬರೆದುಕೊಡುವವರೆಗೆ ಕಚೇರಿಗೆ ರಾಜೀನಾಮೆ ಕೊಡುವುದಿಲ್ಲ ಎಂದು ತಿಳಿಸಿದ್ದೇನೆ.