‘ರೆಸಿಲಿಯೆನ್ಸ್’ಗೆ ‘ತಾಳಿಕೆ’ ಸಾಕೇ?

ಹಳೆಯ ಪಟ್ಟಣಗಳನ್ನು ಪ್ರಕೃತಿ ವಿಕೋಪ ಮತ್ತು ಹವಾಮಾನ ಬದಲಾವಣೆಗೆ ಸಜ್ಜುಗೊಳಿಸುವ ಕುರಿತ ಬರಹಗಳಲ್ಲಿ ‘ರೆಸಿಲಿಯೆನ್ಸ್’ (ಪೆಟ್ಟನ್ನು ತಾಳಿಕೊಂಡು ಚೇತರಿಸಿಕೊಳ್ಳುವ, ಹೊಂದಿಕೊಳ್ಳುವ ಶಕ್ತಿ) ಎಂಬುದಕ್ಕೆ ಸ್ಥಿತಿಸ್ಥಾಪಕತ್ವ, ತಾಳಿಕೆ, ಚೇತರಿಕೆ ಎಂಬ ಪದಗಳನ್ನು ಒಂದಕ್ಕೊಂದು ಬದಲಿಯಾಗಿ ಬಳಸಬಹುದೇ ಎಂಬುದು ನನ್ನ ಪ್ರಶ್ನೆ. ಮಡಿಕೇರಿಯ ಕೋಟೆ, ರಾಜರ ಸಮಾಧಿಗಳಿರುವ ಗದ್ದಿಗೆ, 1820ರಲ್ಲಿ ಕೊಡಗಿನ ಅರಸ ಲಿಂಗರಾಜೇಂದ್ರನು ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನ ಹಾಗೂ ಇವುಗಳ ಸುತ್ತ ಬೆಳೆದ ಪೇಟೆಯ ಬಗ್ಗೆ ಬರೆಯಹೊರಟವನಿಗೆ ಮೂರೂ ಒಂದಲ್ಲ ಒಂದು ಕಡೆ ಎಡವುತ್ತಿವೆ.

‘ಸ್ಥಿತಿಸ್ಥಾಪಕತ್ವ’ ಎಂದರೆ ಎಳೆದ ವಸ್ತು ಮೊದಲಿನ ಆಕಾರಕ್ಕೇ ಮರಳುವ ಗುಣ. ಆದರೆ 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲಗಳ ಕಡೆ ಗುಡ್ಡಗಳು ಜರಿದುದನ್ನು ಕಂಡ ಕೊಡಗಿನಲ್ಲಿ, ಇಳಿಜಾರನ್ನು ಕಡಿದು ಮನೆ ಕಟ್ಟಿದ್ದ ಜಾಗದಲ್ಲೇ ಮತ್ತೆ ಹಾಗೆಯೇ ಕಟ್ಟುವುದನ್ನು ಈ ಹೆಸರಿನಿಂದ ಕರೆಯುವುದು ವಿಪರೀತವಾದೀತು. ವಿಶ್ವಸಂಸ್ಥೆಯ ವಿಪತ್ತು ಪರಿಭಾಷೆಯು ತಡೆಯುವುದು, ಅರಗಿಸಿಕೊಳ್ಳುವುದು, ಚೇತರಿಸಿಕೊಳ್ಳುವುದರ ಜೊತೆಗೆ ಹೊಂದಿಕೊಳ್ಳುವುದನ್ನೂ ಮಾರ್ಪಡುವುದನ್ನೂ ‘ರೆಸಿಲಿಯೆನ್ಸ್’ ಎಂಬ ಒಂದೇ ಪದದೊಳಗೆ ಸೇರಿಸಿದೆ.

‘ತಾಳಿಕೆ’ ಅಚ್ಚಗನ್ನಡ, ಕಿವಿಗೂ ಹಿತ. ಕೋಟೆಯ ಕಲ್ಲುಗೋಡೆಗೆ ಅದು ಒಪ್ಪುತ್ತದೆ. ಜನರಿಗೆ ಅನ್ವಯಿಸಿದೊಡನೆ ‘ತಾಳಿದವನು ಬಾಳಿಯಾನು’ ಎಂಬ ಗಾದೆಯ ನೆರಳು ಬಿದ್ದು, ಮನೆ ಕಳೆದುಕೊಂಡವರಿಗೆ ಸಹನೆಯ ಉಪದೇಶ ಮಾಡಿದಂತಾಗುತ್ತದೆ. ಚರಂಡಿ, ತೋಡುಗಳನ್ನು ತೆರವಾಗಿಡಬೇಕಾದ ಆಡಳಿತದ ಹೊಣೆ ಆ ಪದದಲ್ಲಿ ಕಾಣಿಸುವುದೇ ಇಲ್ಲ. ‘ಚೇತರಿಕೆ’ಯಾದರೋ ಪೆಟ್ಟು ಬಿದ್ದ ನಂತರದ ಮಾತು.

ಸದ್ಯಕ್ಕೆ ನಾನು ಕಟ್ಟಡಗಳಿಗೆ ‘ತಾಳಿಕೆ’ ಎಂದೂ, ಪಟ್ಟಣಕ್ಕೆ ‘ವಿಪತ್ತನ್ನು ಎದುರಿಸಿ ಹೊಂದಿಕೊಳ್ಳುವ ಶಕ್ತಿ’ ಎಂದೂ ಬರೆಯುತ್ತಿದ್ದೇನೆ. ಎರಡನೆಯದು ಉದ್ದವಾಯಿತು, ಶೀರ್ಷಿಕೆಗೆ ಒಗ್ಗದು. ಆದರೂ ಅರ್ಥಗೆಡಿಸುವ ಚಿಕ್ಕ ಪದಕ್ಕಿಂತ ಇದೇ ಲೇಸು ಎಂಬುದು ನನ್ನ ಎಣಿಕೆ.

ಇನ್ನೊಂದು ಸಣ್ಣ ತೊಡಕು ‘ಬರೆ’ಯದು. ರಸ್ತೆಗೋ ಮನೆಗೋ ಗುಡ್ಡವನ್ನು ಕಡಿದಾಗ ಉಳಿಯುವ ಕಡಿದಾದ ಮಣ್ಣಿನ ಗೋಡೆಗೆ ನಮ್ಮಲ್ಲಿ ಬರೆ ಎನ್ನುತ್ತಾರೆ. ಮಳೆಗಾಲದಲ್ಲಿ ‘ಬರೆ ಕುಸಿತ’ ಇಲ್ಲಿ ನಿತ್ಯದ ಸುದ್ದಿ. ಹಳೆಯ ಪಟ್ಟಣಗಳ ಸಂರಕ್ಷಣೆಗಾಗಿ ಯುನೆಸ್ಕೋ 2011ರಲ್ಲಿ ಅಂಗೀಕರಿಸಿದ ‘ಐತಿಹಾಸಿಕ ನಗರ ಭೂದೃಶ್ಯ’ದ ಶಿಫಾರಸು ನೆಲದ ಏರುತಗ್ಗು, ನೀರಿನ ಹರಿವುಗಳನ್ನೂ ಪಟ್ಟಣದ ಭಾಗವೆಂದೇ ಎಣಿಸುವುದರಿಂದ, ಮಡಿಕೇರಿಯ ಕುರಿತ ಬರಹದಲ್ಲಿ ಈ ಪದವನ್ನು ಬಿಡುವಂತಿಲ್ಲ. ಬಯಲುಸೀಮೆಯ ಓದುಗರು ಇದನ್ನು ಕಾಸಿ ಎಳೆಯುವ ಬರೆಯೆಂದು ತಿಳಿಯದಂತೆ, ಸಂದರ್ಭದಿಂದಲೇ ಅರ್ಥವಾಗಲೆಂದು ಬಿಡುವುದೋ, ‘ಮಣ್ಣಬರೆ’ ಎಂದು ಬಿಡಿಸಿ ಬರೆಯುವುದೋ? ಮಲೆನಾಡಿನ ಇತರ ಕಡೆ ಇದಕ್ಕೆ ಬೇರೆ ಹೆಸರಿದ್ದರೆ ಅದನ್ನೂ ತಿಳಿಸಬೇಕೆಂದು ಕೋರುತ್ತೇನೆ.