ಸ್ವೆಟರ್ ಬ್ಯಾಗು ಬಸ್ಸಿನ ಮೇಲೆ ಬೇಡ

ಪುಟ್ಟೀ, ನಿನ್ನ ಮೆಸೇಜ್ ಈಗ ನೋಡ್ದೆ. ಮಗ ಡಿಸೆಂಬರ್ ಕೊನೇಲಿ ಗೋರಖ್‌ಪುರದ ತನಕ ಟ್ರೈನು, ಆಮೇಲೆ ಸೊನೌಲಿ ಬಾರ್ಡರ್ ದಾಟಿ ನೇಪಾಳದೊಳಗೆ ಬಸ್ಸಲ್ಲೇ ಪೋಖರಾ, ಮುಕ್ತಿನಾಥ ದೇವಸ್ಥಾನ ಅಂತ ಹೊರಟಿದಾನೆ, ಕಳಿಸ್ಲಾ ಬೇಡ್ವಾ ಅಕ್ಕಾ ಅಂತ ಕೇಳಿದೀಯ. ಕಳ್ಸು, ಆದ್ರೆ ಸ್ವೆಟರ್ ಇರೋ ಬ್ಯಾಗನ್ನ ಬಸ್ಸಿನ ಮೇಲೆ ಹಾಕ್ಬೇಡ ಅಂತ ಹೇಳಿ ಕಳ್ಸು, ತೊಡೆ ಮೇಲೇ ಇರ್ಬೇಕು.

ನಾನೂ ನಿಮ್ಮ ಭಾವನೂ ಹೋಗಿದ್ದು 2009 ಜನವರೀಲಿ, ಆಗ ಅಲ್ಲಿ ದಿನಕ್ಕೆ 16 ಗಂಟೆ ಕರೆಂಟೇ ಇರ್ತಿರ್ಲಿಲ್ಲ. ಬಾರ್ಡರಲ್ಲಿ ಮಧ್ಯಾಹ್ನ ಬಿಸಿಲಿತ್ತು ನೋಡು, ಭಾವ ಪಂಚೆ, ಅರ್ಧ ತೋಳಿನ ಶರ್ಟಲ್ಲೇ ಹತ್ತಿದ್ರು, ಕಂಡಕ್ಟರ್ ಬ್ಯಾಗೆಲ್ಲ ಟಾಪಿಗೆ ಎತ್ತಿ ಟಾರ್ಪಾಲು ಹಾಕಿ ಬಿಗಿದ. ಸ್ವೆಟರು, ಶಾಲು, ಭಾವನ ದಮ್ಮಿನ ಮಾತ್ರೆ ಎಲ್ಲಾ ಅದರೊಳಗೇ. ಬುಟ್ವಲ್ ದಾಟಿ ಘಾಟಿ ಹತ್ತೋವಾಗ ಮುಂದೆ ಲಾರಿ ಕೆಟ್ಟು ಅಡ್ಡ ನಿಂತು ರಾತ್ರಿಯೆಲ್ಲಾ ಅಲ್ಲೇ. ಕಿಟಕಿ ಗಾಜು ಪೂರ್ತಿ ಮುಚ್ತಿರ್ಲಿಲ್ಲ. ಬ್ಯಾಗ್ ಇಳಿಸಪ್ಪಾ ಅಂತ ಕೈ ಮುಗಿದೆ, ಅವನೂ ಪಾಪ ಹತ್ತಿ ನೋಡ್ದ, ಹಗ್ಗ ಇಬ್ಬನೀಲಿ ನೆಂದು ಗಂಟು ಕಲ್ಲಾಗಿತ್ತು, ಬಿಚ್ಚಕ್ಕೇ ಬರ್ಲಿಲ್ಲ. ಕೈಚೀಲದಲ್ಲಿದ್ದ ಮಡಿ ಸೀರೇನ ಭಾವನ ಕಿವಿಗೆ ಎದೆಗೆ ಸುತ್ತಿದೆ, ಹಿಂದಿನ ಸೀಟಿನ ನೇಪಾಳಿ ಹೆಂಗಸು ಫ್ಲಾಸ್ಕಿಂದ ಬಿಸಿನೀರು ಕೊಟ್ಳು. ಭಾವನ ಉಸಿರು ಸುಯ್ ಸುಯ್ ಅಂತಿದ್ದದ್ದು ಇವತ್ತಿಗೂ ಕಿವೀಲಿದೆ ಕಣೇ. ಅದಕ್ಕೇ ಮತ್ತೆ ಹೇಳ್ತಿದೀನಿ, ಸ್ವೆಟರು ಮಾತ್ರೆ ಮೇಲೆ ಹಾಕ್ಬಾರ್ದು, ಕಂಡಕ್ಟರ್ ಎಷ್ಟೇ ಬೈಲಿ.

ಆ ಯಾತ್ರೇಲಿ ಅಷ್ಟು ಕಷ್ಟಪಟ್ಟು ಗಂಡಕಿ ನದಿ ತೀರದಿಂದ ಒಂದು ಸಾಲಿಗ್ರಾಮ ತಂದಿದ್ವಿ. ನಿತ್ಯ ಅಭಿಷೇಕ ಮಾಡ್ತೀವಿ ಕೊಡು ಅಂತ ಅಣ್ಣನ ಮನೆಯವ್ರು ತಗೊಂಡ್ರು, ಹೋದ ಶ್ರಾವಣದಲ್ಲಿ ಹೋದ್ರೆ ಷೋಕೇಸಲ್ಲಿ ಗೊಂಬೆ ಪಕ್ಕ ಧೂಳು ಹಿಡಿದು ಕೂತಿದೆ. ಒಂದು ಉದ್ಧರಣೆ ನೀರಿಲ್ಲ, ಒಂದು ದಳ ತುಳಸಿ ಇಲ್ಲ. ಅಣ್ಣನೂ ಈ ಗ್ರೂಪಲ್ಲೇ ಇದಾನೆ, ಓದ್ಲಿ. ಆಗಲ್ಲ ಅಂದ್ರೆ ವಾಪಸ್ ಕೊಡಿ, ನಾನು ಪೂಜೆ ಮಾಡ್ತೀನಿ. ಭಾವ ಇದ್ದಿದ್ರೆ ಎಷ್ಟು ನೊಂದ್ಕೋತಿದ್ರೋ.

ಅಯ್ಯೋ ಮುಖ್ಯವಾದ್ದೇ ಬಿಟ್ಟೆ. ನಮಗೆ ವೀಸಾ ಬೇಡ, ಆದ್ರೆ ಅವನ ವಯಸ್ಸಿಗೆ ಆಧಾರ್ ಸಾಲ್ದು, 15ರ ಒಳಗಿನೋರಿಗೆ, 65 ದಾಟಿದೋರಿಗೆ ಮಾತ್ರ ಅದು. ಪಾಸ್‌ಪೋರ್ಟು ಇಲ್ಲಾ ವೋಟರ್ ಕಾರ್ಡು, ಒರಿಜಿನಲ್ಲೇ ಇರ್ಬೇಕು. ಅಲ್ಲಿ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ, ನಮ್ಮ ಟೈಮ್ ನೋಡ್ಕೊಂಡು ಕೂತ್ರೆ ಬಸ್ ಹೋಗಿರತ್ತೆ. ನಮ್ಮ 100 ರೂಪಾಯಿ ಅಂದ್ರೆ ಅವರ 160, ಚಾರ್ಜು ಹೇಳ್ದಾಗ ಐಸಿನಾ ಎನ್‌ಸಿನಾ ಅಂತ ಕೇಳ್ಲಿ, ಐಸಿ ನಮ್ದು, ಎನ್‌ಸಿ ಅವರದು. ರಾತ್ರಿ ಬಸ್ಸು ಬೇಡವೇ ಬೇಡ, ಕೆಳಗಡೆ ತೆರಾಯಿ ಬಯಲಲ್ಲಿ ಮಂಜು ಮುಸುಕಿದ್ರೆ ರಸ್ತೇನೇ ಕಾಣಲ್ಲ. ಮುಕ್ತಿನಾಥ 3,700 ಮೀಟರಿಗೂ ಮೇಲೆ, ಹಿಮ ಬಿದ್ದಿದೆ ಅಂದ್ರೆ ಪೋಖರಾದಲ್ಲೇ ಇದ್ದು ವಾಪಸ್ ಬರ್ಲಿ, ದೇವರು ಎಲ್ಲೂ ಹೋಗಲ್ಲ.

ಅವನ ವೋಟರ್ ಕಾರ್ಡ್ ಮಾಡ್ಸಿದೀಯಾ ಇಲ್ವಾ? ಈಗ್ಲೇ ಬೀರು ತೆಗೆದು ನೋಡಿ ಹೇಳು.